ಗೇರಿನ ಪಕ್ಕದ ಲೋಟ

ಜನವರಿ 15, ಬುಧವಾರ. ಹೊಸನಗರ

ಈ ಡೈರಿ ಸೊಸೈಟಿಯವರು ಪುಕ್ಕಟೆ ಕೊಟ್ಟದ್ದು. ದಿನಾ ಎಲ್ಲಿಂದ ಎಲ್ಲಿಗೆ ಹೋದೆವು, ಎಷ್ಟು ಕಿಲೋಮೀಟರ್ ಆಯ್ತು, ಇಷ್ಟು ಬರೆದಿಡಿ ಮಾವ ಅಂತ ಭವ್ಯಶ್ರೀ ಹೇಳಿದಾಳೆ. ಮೂವತ್ತೊಂದು ವರ್ಷ ಟೂರಿಸ್ಟ್ ಗಾಡಿ ಓಡಿಸಿ ಟ್ರಿಪ್ ಶೀಟ್ ಬರೆದವನಿಗೆ ಇದೇನು ಮಹಾ. ನಾನು ಓದಿದ್ದು ಊರ ಶಾಲೆಯ ಏಳನೇ ಕ್ಲಾಸು. ಆದರೆ ನನ್ನ ಅಕ್ಷರ ನೋಡಿದವರು ಇದು ಯಾವ ಮೇಷ್ಟ್ರದು ಅಂತ ಕೇಳ್ತಾರೆ.

ನಾಳೆ ಬೆಳಗ್ಗೆ ಮರುಭೂಮಿಗೆ ಹೊರಟೆ. ಭವ್ಯ ನನ್ನ ತಂಗಿ ಮಗಳು. ಸಾಗರದಲ್ಲಿದಾಳೆ, ಫೋಟೋ ತೆಗೆಯೋದೇ ಕಸುಬು. ಯಾರೋ ಮಕ್ಕಳ ಪುಸ್ತಕ ಮಾಡ್ತಾರಂತೆ, ಅದಕ್ಕೆ ದೇಶದ ಗುಮ್ಮಟ, ಕೋಟೆ, ಮರಳುಗಾಡು ಎಲ್ಲಾ ತೆಗೆದು ಕೊಡಬೇಕಂತೆ. ಕಾರು ಓಡಿಸೋಕೆ ಅವಳ ಗಂಡ ಕಿರಣ್ ಹೋಗೋದಿತ್ತು. ಅವನು ಬಚ್ಚಲಲ್ಲಿ ಜಾರಿ ಕೈ ಮುರ್ಕೊಂಡ. ನನ್ನ ಅದೃಷ್ಟದ ಬಾಗಿಲು ತೆರೀತು.

ಸ್ಟ್ಯಾಂಡಿನಲ್ಲಿ ಸುಬ್ಬಪ್ಪ, "ಈ ವಯಸ್ಸಲ್ಲಿ ರಾಜಸ್ಥಾನವಾ ಮಾರಾಯ? ಶಿಕಾರಿಪುರ ದಾಟಿದ್ರೆ ನಿಂಗೆ ದಾರಿ ಗೊತ್ತಿಲ್ಲ" ಅಂದ. ಮೂವತ್ತು ವರ್ಷದಿಂದ ಪಕ್ಕಪಕ್ಕ ಗಾಡಿ ನಿಲ್ಲಿಸಿದವನು, ಹೊಟ್ಟೆಕಿಚ್ಚು ಇರ್ತದೆ. "ಆಗುಂಬೆಯ ಹದಿನಾಲ್ಕು ತಿರುವು ಒಂದು ಕೈಯಲ್ಲಿ ಇಳಿಸಿದವ್ನಿಗೆ ರಾಜಸ್ಥಾನ ಎಂತದು? ಮರಳಲ್ಲಿ ಯಾರಾದ್ರೂ ತಿರುವು ಮಾಡ್ತಾರಾ?" ಅಂದೆ. ಎಲ್ಲಾ ನಕ್ಕರು.

ಮನೆಯಲ್ಲಿ ಮಾತ್ರ ನಗುವವರಿಲ್ಲ. ಮೂಕಾಂಬಿಕೆ ನನ್ನ ಹತ್ತಿರ ಮಾತು ಬಿಟ್ಟು ಇವತ್ತಿಗೆ ಹದಿನೇಳು ದಿನ. ಸಾಗರದಲ್ಲಿ ಒಂದು ನಾಮಕರಣಕ್ಕೆ ಹೋಗಿದ್ವಿ. ನಾನು ಯಾರದೋ ಗಾಡಿ ಓಡಿಸಿಕೊಂಡು ಹೋದೆ, ಅವಳು ಪಕ್ಕದ ಮನೆ ಹಾಲಮ್ಮನ ಜೊತೆ ಬಸ್ಸಲ್ಲಿ ಬಂದಳು. ಯಾವಾಗ್ಲೂ ಹಾಗೇ. ಅಲ್ಲಿ ಊಟಕ್ಕೆ ಕೂತಾಗ ಗುರುತಿಲ್ಲದ ಒಬ್ಬ ಹೆಂಗಸು ಇವಳ ಮುಖ ನೋಡಿ, "ಓ, ಜೀಪಿಗೆ ಅಭಿಷೇಕ ಮಾಡಿದೋರು ನೀವೇನಾ?" ಅಂದುಬಿಟ್ಟಳು. ಇಡೀ ಪಂಕ್ತಿ ನಕ್ಕಿತು. ಇವಳು ಎಲೆ ಮಡಚಿ ಎದ್ದಳು.

ಅದು ನನ್ನ ಮೇಗರವಳ್ಳಿ ಕಥೆ. ಮದುವೆಯಾದ ವರ್ಷ ಹೊಸ ಜೀಪು ತಗೊಂಡಿದ್ದೆ. ಆಗುಂಬೆ ಸೂರ್ಯಾಸ್ತ ತೋರಿಸ್ತೀನಿ ಅಂತ ಇವಳನ್ನ ಕೂರಿಸಿಕೊಂಡು ಹೊರಟೆ, ಹಿಂದೆ ನಾಲ್ಕು ಜನ ದೋಸ್ತಿಗಳು. ಮೇಗರವಳ್ಳಿ ತಿರುವಲ್ಲಿ ಇವಳು ವಾಂತಿ ಮಾಡಿದಳು. ಸೂರ್ಯಾಸ್ತವೂ ಇಲ್ಲ, ಎಂತದೂ ಇಲ್ಲ, ವಾಪಸ್ ಬಂದ್ವಿ. ಅವತ್ತಿಂದ ಯಾವ ಪಾರ್ಟಿ ಕರ್ಕೊಂಡು ಹೋದ್ರೂ ಆ ತಿರುವಲ್ಲಿ ಹೇಳ್ತೀನಿ: "ನನ್ನ ಹೊಸ ಜೀಪಿಗೆ ಮೊದಲ ಅಭಿಷೇಕ ಮಾಡಿದ್ದು ಪುರೋಹಿತರಲ್ಲ ಸಾರ್, ನನ್ನ ಹೆಂಡ್ತಿ." ನಗದವರನ್ನ ನಾನು ನೋಡಿಲ್ಲ. ಅಂಥ ಕಥೆಗೆ ಇಷ್ಟು ಸಿಟ್ಟಾ?

ಇವತ್ತು ಭವ್ಯ ಕೇಳಿದಳು, "ಅತ್ತೆನೂ ಬರ್ಲಿ ಮಾವ. ನಾನು ಹೇಗೂ ಕ್ಯಾಮೆರಾ ಹಿಡ್ಕೊಂಡು ಹಿಂದೆ ಕೂರೋದು. ಮುಂದಿನ ಸೀಟು ಖಾಲಿ."

"ಅವಳಾ? ಶಿವಮೊಗ್ಗ ದಾಟೋದ್ರೊಳಗೆ ಕಾರು ತೊಳೀಬೇಕಾಗ್ತದೆ ಮಾರಾಯ್ತಿ" ಅಂದೆ.

ಅಡುಗೆ ಮನೆಯಲ್ಲಿ ಎಂತದೋ ಪಾತ್ರೆ ಬಿತ್ತು.

ಈಗ ನೋಡಿದರೆ ಬಾಗಿಲ ಹತ್ತಿರ ಚೀಲ ತಯಾರಿದೆ. ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ನನ್ನ ಸ್ವೆಟರು, ಒಂದು ಸ್ಟೀಲ್ ಲೋಟ. ಮಾತು ಮಾತ್ರ ಹಾಕಿಲ್ಲ.

ಜನವರಿ 17, ಶುಕ್ರವಾರ. ವಿಜಯಪುರ

ನಿನ್ನೆ ಒಂದೇ ಉಸಿರಿಗೆ ಇಲ್ಲಿಗೆ ಬಂದೆವು. ಹಾವೇರಿ ದಾಟಿದ ಮೇಲೆ ಭವ್ಯ, "ಸ್ವಲ್ಪ ಹೊತ್ತು ನಾನು ಓಡಿಸ್ತೀನಿ ಮಾವ" ಅಂದಳು. ನಾನು ಕೊಡಲಿಲ್ಲ. ಸ್ಟೇರಿಂಗ್ ಹಿಡಿದ ಮೇಲೆ ಮಂಜಯ್ಯ ಪಕ್ಕದ ಸೀಟಲ್ಲಿ ಕೂತ ಇತಿಹಾಸವೇ ಇಲ್ಲ.

ಗೋಲಗುಮ್ಮಟ ಒಳ್ಳೆಯದಿದೆ. ಭವ್ಯ ಒಂದು ಫೋಟೋಗೆ ಒಂದೂವರೆ ಗಂಟೆ ಕಾದಳು. ಬೆಳಕು ಬರಬೇಕಂತೆ. "ಬೆಳಕು ಬಂದೇ ಇದೆಯಲ್ಲೇ, ಕಣ್ಣಿಗೆ ಹೊಡೀತಾ ಇದೆ" ಅಂದೆ. ನಾನಾಗಿದ್ದರೆ ಅಷ್ಟು ಹೊತ್ತಿಗೆ ಇಪ್ಪತ್ತು ಫ್ಯಾಮಿಲಿ ತೆಗೆದು ಮುಗಿಸ್ತಿದ್ದೆ. ಜೋಗದಲ್ಲಿ, ಇಕ್ಕೇರಿಯಲ್ಲಿ, ನಗರದ ಕೋಟೆಯಲ್ಲಿ ಎಲ್ಲರೂ ಕೊನೆಗೆ ಹೇಳೋದು ಒಂದೇ ಮಾತು, ಡ್ರೈವರ್, ನಮ್ಮದೊಂದು ಫೋಟೋ ತೆಗೀರಿ. ಲೆಕ್ಕ ಹಾಕಿದರೆ ರಾಜ್ಯದ ಅರ್ಧ ಮನೆಗಳ ಗೋಡೆ ಮೇಲೆ ನಾನು ತೆಗೆದ ಫೋಟೋ ಇದೆ. ಇದನ್ನ ಭವ್ಯನಿಗೆ ಹೇಳಿದೆ. ಅವಳು, "ಮಾವ, ಅದ್ರಲ್ಲಿ ನಿಮ್ದು ಅತ್ತೆದು ಎಷ್ಟಿದೆ?" ಅಂತ ಕೇಳಿದಳು. ಎಂತ ಪ್ರಶ್ನೆ. ಡ್ರೈವರು ಫೋಟೋದಲ್ಲಿದ್ದರೆ ತೆಗೆಯೋರು ಯಾರು?

ಮೇಲೆ ಹತ್ತಿ ಗ್ಯಾಲರಿಯಲ್ಲಿ ನಿಂತು "ಹೊಸನಗರದ ಮಂಜಯ್ಯಾ!" ಅಂತ ಕೂಗಿದೆ. ಗುಮ್ಮಟ ಏಳು ಸಲ ಹೇಳಿತು. ನನ್ನ ಜೀವನದಲ್ಲಿ ಇಷ್ಟು ಸಲ ಯಾರೂ ನನ್ನ ಹೆಸರು ಹೇಳಿಲ್ಲ. ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಕಡೆ ಕಿವಿಯಿಟ್ಟವರಿಗೆ ಕೇಳ್ತದೆ. ಒಬ್ಬ ಮುದುಕ ಈಚೆಯಿಂದ ಎಂತದೋ ಹೇಳಿದ, ಆಚೆ ಅವನ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ಅವರು ಹೋದ ಮೇಲೆ ನಾನೂ ಗೋಡೆಗೆ ಒಂದು ಮಾತು ಹೇಳಿದೆ. ಆಚೆ ಕಡೆ ಯಾರೂ ಇರಲಿಲ್ಲ. ಅದನ್ನ ಇಲ್ಲಿ ಬರೆಯೋದು ಬೇಡ.

ಸಂಜೆ ಮನೆಗೆ ಫೋನ್ ಮಾಡಿದೆ. ಎತ್ತಿದಳು. ಹಲೋ ಇಲ್ಲ, ಎಂತದೂ ಇಲ್ಲ. ಕಟ್ ಕೂಡ ಮಾಡಲಿಲ್ಲ. ಫೋನು ಎಲ್ಲೋ ಇಟ್ಟು ಕೆಲಸ ಮಾಡ್ತಿದ್ದಳು. ಕುಕ್ಕರ್ ಎರಡು ಸಲ ಕೂಗಿತು, ನಾನು ಇಟ್ಟೆ.

ಜನವರಿ 20, ಸೋಮವಾರ. ಔರಂಗಾಬಾದ್ (ಈಗ ಹೆಸರು ಬೇರೆಯಂತೆ)

ಇವತ್ತು ಒಂದು ಒಳ್ಳೆ ಕೆಲಸ ಮಾಡಿದೆ. ಇಲ್ಲಿ ಬೀಬಿ ಕಾ ಮಕ್ಬರಾ ಅಂತ ಇದೆ. ದೂರದಿಂದ ಥೇಟ್ ತಾಜ್ ಮಹಲ್. ಅದರ ಮುಂದೆ ಕೂಲಿಂಗ್ ಗ್ಲಾಸ್ ಹಾಕಿ ನಿಂತು ಮೊಬೈಲಲ್ಲಿ ತೆಗೆಸಿಕೊಂಡು ಸುಬ್ಬಪ್ಪನಿಗೆ ಕಳಿಸಿದೆ. "ತಾಜ್ ಮಹಲ್ ತಲುಪಿದೆ. ಇಲ್ಲಿ ಎಲ್ಲಾ ಸೌಖ್ಯ."

"ಮಾವ, ಇದು ಸುಳ್ಳಲ್ವಾ?" ಅಂದಳು ಭವ್ಯ.

"ಸುಳ್ಳಲ್ಲ ಮಾರಾಯ್ತಿ, ಅಡ್ವಾನ್ಸು. ಹೇಗೂ ಮುಂದೆ ಆಗ್ರಾ ಇದೆಯಲ್ಲ."

ತಾಜ್ ಮುಂದೆ ನಿಂತು ಫೋಟೋ ತೆಗೆಸಬೇಕು ಅನ್ನೋದು ನನ್ನ ಮೂವತ್ತು ವರ್ಷದ ಆಸೆ. ಅದಕ್ಕೇ ಅಂತ ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಚೀಲದ ತಳದಲ್ಲಿ ಇಟ್ಟಿದೀನಿ.

ಜನವರಿ 21, ಮಂಗಳವಾರ

ಸುಬ್ಬಪ್ಪ ಫೋನ್ ಮಾಡಿದ. ನಿನ್ನೆ ಇಡೀ ಸ್ಟ್ಯಾಂಡಿಗೆ ನನ್ನ ಫೋಟೋ ತೋರಿಸಿ, ನನ್ನ ಹೆಸರಲ್ಲಿ ಚಹಾ ಕುಡಿದಿದಾರೆ. ಆಮೇಲೆ ಆ ಪುಣ್ಯಾತ್ಮ ನನ್ನ ಮನೆಗೂ ಹೋಗಿ ತೋರಿಸಿದನಂತೆ.

"ನಿನ್ ಹೆಂಡ್ತಿ ಒಂದು ಸಲ ನೋಡಿದ್ಲು ಮಾರಾಯ. ಇದು ತಾಜ್ ಮಹಲ್ ಅಲ್ಲ, ಅವರಿನ್ನೂ ಮಹಾರಾಷ್ಟ್ರ ದಾಟಿಲ್ಲ ಅಂದ್ಲು. ನನ್ನ ಮರ್ಯಾದೆ ತೆಗೆದ್ಯಲ್ಲೋ!"

ಅವಳಿಗೆ ಹೇಗೆ ಗೊತ್ತು? ಭವ್ಯನ್ನ ಕೇಳಿದೆ. "ಅತ್ತೆ ದಿನಾ ಬೆಳಗ್ಗೆ ಫೋನ್ ಮಾಡ್ತಾರಲ್ಲ, ಎಲ್ಲಿದೀರಿ, ಮುಂದೆ ಯಾವೂರು ಅಂತ. ನಿಮಗೆ ಹೇಳ್ಬೇಡ ಅಂದಿದ್ರು" ಅಂದಳು.

ಹಾಗಾದರೆ ನಾನು ಎಲ್ಲಿದೀನಿ ಅಂತ ಅವಳಿಗೆ ಬೇಕು. ಇಡೀ ದಿನ ಗಾಡಿ ಲಘುವಾಗಿ ಓಡಿತು. ಟಯರಿಗೆ ಗಾಳಿ ಹಾಕಿಸಿದ್ದಕ್ಕೆ ಇರಬೇಕು.

ಜನವರಿ 24, ಶುಕ್ರವಾರ. ಚಿತ್ತೋಡಗಢ

ಬರೆಯೋ ಮನಸ್ಸಿಲ್ಲ, ಆದ್ರೂ ಬರೀತೀನಿ.

ಬೆಳಗ್ಗೆ ತಿಂಡಿ ಹೋಟೆಲಿನಲ್ಲಿ ಯಜಮಾನ ಒಳ್ಳೆ ಮಾತುಗಾರ. ನನ್ನ ಹಿಂದಿಯಲ್ಲಿ ಮೇಗರವಳ್ಳಿ ಕಥೆ ಶುರು ಮಾಡಿದೆ. "ಮೇರಾ ನಯಾ ಜೀಪ್, ಮೇರಾ ಬೀವಿ, ಅಭಿಷೇಕ್..." ಕೈಸನ್ನೆ ಮಾಡಿ ತೋರಿಸಿದೆ. ಅವನು ಹೊಟ್ಟೆ ಹಿಡ್ಕೊಂಡು ನಕ್ಕ. ಭವ್ಯ ಪೂರಿ ಅರ್ಧಕ್ಕೇ ಬಿಟ್ಟು ಎದ್ದು ಕಾರಿನ ಹತ್ತಿರ ಹೋಗಿ ನಿಂತಳು.

ಕೋಟೆಯಲ್ಲಿ ವಿಜಯಸ್ತಂಭದ ಎದುರು ಕ್ಯಾಮೆರಾ ಹಿಡಿದು ಬೆಳಕಿಗೆ ಕಾಯ್ತಾ ಕೂತಿದ್ದಳು. ಒಂಬತ್ತು ಅಂತಸ್ತು, ಹೊರಗೂ ಒಳಗೂ ಕೆತ್ತನೆ. "ನಮ್ಮ ನಗರದ ಕೋಟೆಗೆ ಇಂಥದ್ದೊಂದು ಇದ್ದಿದ್ರೆ ನಾನು ಇನ್ನೂ ಎರಡು ಗಾಡಿ ಇಡ್ತಿದ್ದೆ" ಅಂದೆ. ಅವಳು ನಗಲಿಲ್ಲ.

"ಮಾವ, ಒಂದು ಕೇಳ್ತೀನಿ. ಅತ್ತೆಗೆ ಗಾಡಿ ಆಗಲ್ಲ ಅಂತ ನಿಮಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಾನೇ ನೋಡಿದೀನಲ್ಲ."

"ಒಂದು ಸಲ. ಅತ್ತೆ ನನ್ನ ಜೊತೆ ಶಿವಮೊಗ್ಗಕ್ಕೆ ಹತ್ತು ಸಲ ಬಸ್ಸಲ್ಲಿ ಬಂದಿದಾರೆ. ಹಾಲಮ್ಮನ ಜೊತೆ ವರದಹಳ್ಳಿ ಆಶ್ರಮಕ್ಕೆ ಪ್ರತಿ ವರ್ಷ ಹೋಗ್ತಾರೆ. ಕಿಟಕಿ ಪಕ್ಕ ಕೂತು ದಾರಿ ಉದ್ದಕ್ಕೂ ಹಾಡು ಗುನುಗ್ತಾರೆ ಮಾವ. ಒಂದು ದಿನ ತಲೆ ಸುತ್ತು ಅಂದವರಲ್ಲ. ಸಾಗರದ ನಾಮಕರಣಕ್ಕೆ ಹೇಗೆ ಬಂದ್ರು ಅಂದ್ಕೊಂಡ್ರಿ?"

"ಬಸ್ಸು ಬೇರೆ, ಜೀಪು ಬೇರೆ."

"ಬಸ್ ಡ್ರೈವರ್ ಬೇರೆ, ನೀವು ಬೇರೆ" ಅಂದಳು. "ನಿಧಾನ ಹೋಗಿ ಅಂತ ಅತ್ತೆ ಅವತ್ತು ಮೂರು ಸಲ ಹೇಳಿದ್ರಂತೆ. ನೀವು ಪ್ರತಿ ಸಲ ಇನ್ನೂ ಜೋರು ಮಾಡಿದ್ರಂತೆ. ಹೌದಾ ಅಲ್ವಾ?"

ಅಷ್ಟರಲ್ಲಿ ಅವಳಿಗೆ ಬೇಕಾದ ಬೆಳಕು ಬಂತು. ಫೋಟೋ ತೆಗೆಯೋಕೆ ತಿರುಗಿದಳು. ನನ್ನ ಉತ್ತರಕ್ಕೆ ಕಾಯಲಿಲ್ಲ.

ಅವತ್ತು ಜೀಪನ್ನ ನಲವತ್ತೈದರಲ್ಲಿ ತಿರುಗಿಸಿದ್ದೆ. ಆ ತಿರುವಲ್ಲಿ ಅಷ್ಟು ಸ್ಪೀಡಲ್ಲಿ ಹೋದವರು ಇವತ್ತಿಗೂ ಬೇರೆ ಯಾರೂ ಇಲ್ಲ.

ಜನವರಿ 25, ಶನಿವಾರ. ಜೋಧಪುರ

ಬೆಳಗ್ಗೆ ಕಾರಿನ ಕೀ ಅವಳ ಕೈಯಲ್ಲಿತ್ತು. "ಇವತ್ತು ನಾನು ಓಡಿಸ್ತೀನಿ, ನೀವು ಪಕ್ಕ ಕೂರಿ." ಜಗಳಕ್ಕೆ ಶಕ್ತಿ ಇರಲಿಲ್ಲ. ಕೂತೆ.

ಪಾಲಿ ಅನ್ನೋ ಊರಿನ ಹತ್ತಿರ ಗಾಡಿ ನಿಲ್ಲಿಸಬೇಕಾಯ್ತು. ಹಿಂದಿನ ದಿನ ತಿಂದ ಬಾಟಿ ಅನ್ನೋ ಉಂಡೆ ರೊಟ್ಟಿಯ ತುಪ್ಪ ಹಳೇದಿತ್ತು ಅಂತ ಕಾಣ್ತದೆ. ರಸ್ತೆ ಪಕ್ಕದ ಮುಳ್ಳು ಗಿಡದ ಬುಡದಲ್ಲಿ ಬಾಯಿ ಹಿಡ್ಕೊಂಡು ಹದಿನೈದು ನಿಮಿಷ ಕೂತಿದ್ದೆ. ಅಂಗಿಯ ತೋಳೂ ಹಾಳಾಯ್ತು. ಭವ್ಯ ಮೊದಲು ನೀರು ಕೊಟ್ಟಳು. ಆಮೇಲೆ ಟವೆಲ್ ಒದ್ದೆ ಮಾಡಿ ಕೊಟ್ಟಳು. ಹಿಂದಿಂದ ಬಂದ ಲಾರಿಗೆ ಕೈ ಸನ್ನೆ ಮಾಡಿ ಆಚೆಯಿಂದ ಹೋಗೋಕೆ ಹೇಳಿದಳು. ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು. ನಗಲಿಲ್ಲ.

ತುಪ್ಪದ್ದೇ ತಪ್ಪು.

ಅವತ್ತು ನಮ್ಮ ಜೀಪಲ್ಲಿ ನೀರು ಇರಲಿಲ್ಲ.

ಜನವರಿ 26, ಭಾನುವಾರ

ಹಸಿರು ಸೀರೆ. ಮದುವೆಗೆ ಅವಳ ಅಣ್ಣ ಕೊಟ್ಟದ್ದು. ನೀರು ಕೇಳಿದಳು. ಇಲ್ಲ ಅಂದೆ. ಹಿಂದಿನವರು ನಗ್ತಿದ್ದರು, ನಾನೂ ನಗ್ತಾ ಹಾರನ್ ಹೊಡೀತಿದ್ದೆ, ಬೇಗ ಬಾ ಅಂತ. ಅವಳು ಸೆರಗು ಮುಚ್ಚಿಕೊಂಡು ಯಾರದೋ ಮನೆಗೆ ಹೋಗಿ ನೀರು ಕೇಳಿ ಕುಡಿದು, ಅಲ್ಲೇ ನೆರಿಗೆ ತೊಳೆದುಕೊಂಡು ಬಂದಳು. ಅವಳಿಗೆ ಆಗ ಇಪ್ಪತ್ತು ವರ್ಷ. ಕಥೆಯಲ್ಲಿ ಈ ಭಾಗ ನಾನು ಹೇಳೋದಿಲ್ಲ. ಉದ್ದ ಆಗ್ತದೆ ಅಂತ ಬಿಟ್ಟಿದ್ದು.

ಜನವರಿ 28, ಮಂಗಳವಾರ. ಜೈಸಲ್ಮೇರ್

ಇವತ್ತು ನಾನೇ ಓಡಿಸಿದೆ. ಡ್ರೈವಿಂಗ್‌ನಲ್ಲಿ ಒಂದು ಹೊಸ ವಿದ್ಯೆ ಕಂಡುಹಿಡಿದೆ. ದೇಶದಲ್ಲಿ ಯಾರೂ ಮಾಡಿರಲಿಕ್ಕಿಲ್ಲ. ಈ ಕಾರಿನಲ್ಲಿ ಗೇರಿನ ಪಕ್ಕ ಬಾಟಲಿ ಇಡೋಕೆ ಒಂದು ಗುಂಡಿ ಇದೆ. ಅದರಲ್ಲಿ ಮೂಕಾಂಬಿಕೆ ಚೀಲದಲ್ಲಿ ಹಾಕಿದ್ದ ಸ್ಟೀಲ್ ಲೋಟ ಇಟ್ಟು ಕಂಠದ ತನಕ ನೀರು ತುಂಬಿಸಿದೆ. ಒಂದು ಹನಿ ಚೆಲ್ಲಬಾರದು. ಪಂಥ.

"ಯಾರ ಜೊತೆ ಪಂಥ ಮಾವ?" ಅಂದಳು ಭವ್ಯ ಹಿಂದಿನಿಂದ.

"ನನ್ನ ಜೊತೆ. ಬೇರೆ ಯಾರಿದಾರೆ ನನ್ನ ಸಮಕ್ಕೆ?"

ಪೋಖರಣ್ ಮುಟ್ಟೋದ್ರೊಳಗೆ ಮೂರು ಸಲ ಚೆಲ್ಲಿತು. ಎರಡು ಸಲ ಬ್ರೇಕು ತಡವಾಗಿ ಒತ್ತಿದ್ದಕ್ಕೆ. ಒಂದು ಸಲ ಒಂಟೆ ಅಡ್ಡ ಬಂತು, ಅದು ಲೆಕ್ಕಕ್ಕಿಲ್ಲ. ಆಮೇಲೆ ಗೊತ್ತಾಯ್ತು, ಹೊಂಡ ಕಂಡ ಮೇಲೆ ನಿಧಾನ ಮಾಡಿದರೆ ಆಗೋದಿಲ್ಲ, ಕಾಣೋ ಮೊದಲೇ ಮಾಡಬೇಕು. ಮೂವತ್ತೊಂದು ವರ್ಷದಲ್ಲಿ ಇದನ್ನ ಯಾರೂ ನನಗೆ ಹೇಳಿರಲಿಲ್ಲ. ಒಬ್ಬಳು ಹೇಳಿದ್ದಳು.

ಜನವರಿ 30, ಗುರುವಾರ. ಸಮ್

ಮರುಭೂಮಿ ನೋಡಿದೆ.

ಸುಬ್ಬಪ್ಪನಿಗೆ ಹೇಳೋಕೆ ಅಂತ ದೊಡ್ಡ ದೊಡ್ಡ ಮಾತು ತಯಾರು ಮಾಡಿಟ್ಟಿದ್ದೆ, ಒಂದೂ ಬರಲಿಲ್ಲ. ಮರಳು ಅಂದ್ರೆ ಬರೀ ಮರಳು ಅಂದ್ಕೊಂಡಿದ್ದೆ. ಹಾಗಲ್ಲ. ಗಾಳಿ ಬಂದಾಗ ಅದರ ಮೇಲೆ ಗೆರೆ ಬೀಳ್ತದೆ, ಗೆರಸೆಯಲ್ಲಿ ಅಕ್ಕಿ ಕೇರಿದಾಗ ಒಂದು ಕಡೆ ಸರಿದು ನಿಲ್ತದಲ್ಲ, ಹಾಗೆ. ನಮ್ಮ ಹೆಜ್ಜೆ ತಿರುಗಿ ನೋಡೋದ್ರೊಳಗೆ ಅರ್ಧ ಮುಚ್ಚಿರ್ತದೆ.

ಭವ್ಯ ಒಂದು ದಿಬ್ಬದ ಮೇಲೆ ಹೊಟ್ಟೆ ಅಡಿ ಹಾಕಿ ಮಲಗಿ ಎರಡು ಗಂಟೆ ಕಾದಳು. ಈ ಸಲ ನಾನೂ ಪಕ್ಕದಲ್ಲಿ ಕೂತು ಕಾದೆ. ಬಿಸಿಲು ಓರೆಯಾಗ್ತಾ ಬಂದಂತೆ ಒಂದೊಂದು ದಿಬ್ಬಕ್ಕೂ ಒಂದು ಕಪ್ಪು ಬದಿ, ಒಂದು ಕೆಂಪು ಬದಿ ಆಯ್ತು. ಇಷ್ಟು ವರ್ಷ ಸೂರ್ಯಾಸ್ತಕ್ಕೆ ಜನರನ್ನ ಕರ್ಕೊಂಡು ಹೋಗಿದೀನಿ. ನಾನು ನೋಡಿದ್ದು ಕಡಿಮೆ. ಅಷ್ಟು ಹೊತ್ತಿಗೆ ಗಾಡಿ ತಿರುಗಿಸಿ ನಿಲ್ಲಿಸಬೇಕು, ಇಲ್ಲದಿದ್ದರೆ ಎಲ್ಲಾ ಒಟ್ಟಿಗೆ ಹೊರಟು ಜಾಮ್ ಆಗ್ತದೆ.

ಗುಜರಾತಿನ ಒಬ್ಬ, ನನ್ನ ವಯಸ್ಸಿನವನು, ಹೆಂಡತಿಯ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಅವಳ ಹಿಂದೆ ದಿಬ್ಬ ಹತ್ತುತ್ತಿದ್ದ. ಮೊದಲಾಗಿದ್ದರೆ ಇದರ ಮೇಲೆ ಒಂದು ಕಥೆ ಕಟ್ಟುತ್ತಿದ್ದೆ. ಅವನು, "ಭಾಯ್ ಸಾಬ್, ಏಕ್ ಫೋಟೋ" ಅಂದ. ತೆಗೆದುಕೊಟ್ಟೆ. ಚಪ್ಪಲಿಯೂ ಬರೋ ಹಾಗೆ ತೆಗೆದೆ.

ಆಮೇಲೆ ಭವ್ಯ ನನ್ನದು ತೆಗೆದಳು. ನೋಡಿ ಹುಬ್ಬು ಗಂಟಿಕ್ಕಿದಳು. "ಮಾವ, ನಡುವಿಗೆ ಬನ್ನಿ. ಯಾವಾಗ್ಲೂ ಯಾಕೆ ಬಲಗಡೆಗೆ ಹೋಗಿ ನಿಲ್ತೀರಿ? ಗೋಲಗುಮ್ಮಟದಲ್ಲೂ ಹೀಗೇ, ಚಿತ್ತೋಡದಲ್ಲೂ ಹೀಗೇ. ಎಡಗಡೆ ಇಷ್ಟು ಖಾಲಿ."

ನಡುವಿಗೆ ಬಂದೆ. ಮತ್ತೆ ತೆಗೆದಳು. ನೋಡಿದರೆ ಮತ್ತೆ ಬಲಗಡೆಯೇ ಇದೀನಿ. ಡ್ರೈವರ್ ಸೀಟಿನ ಅಭ್ಯಾಸ.

ಸಂಜೆ ಮನೆಗೆ ಫೋನ್ ಮಾಡಿದೆ. ಎತ್ತಿ ಪಕ್ಕಕ್ಕೆ ಇಟ್ಟಳು. ಒಗ್ಗರಣೆ ಸದ್ದು ಬಂತು. ಹಾಲಮ್ಮ ಎಂತದೋ ಕೇಳಿದ್ದು, ಇವಳು "ಇಲ್ಲ, ಇನ್ನೂ ಎಂಟು ದಿನ" ಅಂದದ್ದು ಕೇಳಿತು. ನನ್ನ ಹತ್ತಿರ ಅಲ್ಲದಿದ್ದರೇನು, ಸ್ವರ ಅವಳದೇ. ನಾನೂ ಫೋನನ್ನ ಗಾಳಿ ಕಡೆ ಹಿಡಿದೆ. ಮರಳಿನ ಸದ್ದು ಹೋಯ್ತೋ ಇಲ್ಲವೋ. ಎಷ್ಟೋ ಹೊತ್ತು ಹಾಗೇ ಇದ್ದೆವು.

ಫೆಬ್ರವರಿ 1, ಶನಿವಾರ

"ಇನ್ನು ಆಗ್ರಾ ಒಂದೇ ಬಾಕಿ. ಪುಸ್ತಕದವರು ತಾಜ್ ಫೋಟೋ ತಮ್ಮ ಹತ್ತಿರವೇ ಇದೆ ಅಂದಿದಾರೆ. ಆದ್ರೂ ನಿಮಗೋಸ್ಕರ ಹೋಗೋಣ ಮಾವ" ಅಂದಳು ಭವ್ಯ.

"ಆಗ್ರಾದಲ್ಲಿ ಈಗ ಮಂಜಂತೆ. ಪೇಪರಲ್ಲಿ ಬಂದಿದೆ. ಎಂತದೂ ಕಾಣೋದಿಲ್ಲ" ಅಂದೆ.

"ಯಾವ ಪೇಪರು? ನಿಮಗೆ ಹಿಂದಿ ಓದೋಕೆ ಬರಲ್ವಲ್ಲ."

"ಚಿತ್ರ ಇತ್ತು."

ಅವಳು ನನ್ನ ಮುಖ ನೋಡಿದಳು. "ಮೂವತ್ತು ವರ್ಷದ ಆಸೆ ಅಂದಿದ್ರಿ."

"ಅಷ್ಟು ಕಾದಿದೆ, ಇನ್ನೂ ಕಾಯ್ತದೆ. ಕಲ್ಲಿಗೆ ಎಂತ ಅವಸರ?"

ಕಾರು ದಕ್ಷಿಣಕ್ಕೆ ತಿರುಗಿತು. ಬಿಳಿ ಅಂಗಿ ಇಸ್ತ್ರಿ ಹಾಗೇ ಇದೆ. ಸುಬ್ಬಪ್ಪನಿಗೆ ಫೋನ್ ಮಾಡಿ, ಅವತ್ತು ಕಳಿಸಿದ್ದು ತಾಜ್ ಅಲ್ಲ ಮಾರಾಯ, ತಾಜ್ ನಾನು ನೋಡೇ ಇಲ್ಲ ಅಂದೆ. "ಹುಷಾರಿದೀಯಾ?" ಅಂತ ಕೇಳಿದ.

ಫೆಬ್ರವರಿ 5, ಬುಧವಾರ. ಸೊಲ್ಲಾಪುರ ದಾಟಿ

ಇನ್ನೂರ ಹತ್ತು ಕಿಲೋಮೀಟರ್. ಒಂದು ಹನಿ ಚೆಲ್ಲಿಲ್ಲ.

ಫೆಬ್ರವರಿ 7, ಶುಕ್ರವಾರ. ಹೊಸನಗರ

ಮುಟ್ಟಿದೆವು. ಮೂಕಾಂಬಿಕೆ ಬಾಗಿಲಲ್ಲಿದ್ದಳು. ಭವ್ಯನ ತಲೆ ಸವರಿ, "ಕರ್ರಗಾಗಿದೀಯಲ್ಲೇ" ಅಂದಳು. ನನ್ನ ಚೀಲ ತೆಗೆದುಕೊಂಡು ಒಳಗೆ ಹೋದಳು. ನನಗೆ ಸ್ನಾನಕ್ಕೆ ನೀರು ಕಾದಿತ್ತು, ಮಾತು ಇರಲಿಲ್ಲ.

ಅಡುಗೆ ಮನೆ ಗೋಡೆ ಮೇಲೆ ಹಳೇ ಶಾಲೆ ಪುಸ್ತಕದ ಭಾರತದ ಭೂಪಟ, ಅನ್ನ ಮೆತ್ತಿ ಅಂಟಿಸಿದ್ದು. ವಿಜಯಪುರ, ಔರಂಗಾಬಾದ್, ಚಿತ್ತೋಡ, ಜೋಧಪುರ, ಜೈಸಲ್ಮೇರ್, ಒಂದೊಂದಕ್ಕೂ ಪೆನ್ಸಿಲಿನ ಚುಕ್ಕೆ. ಮೂರು ವಾರ ಅಡುಗೆ ಮಾಡ್ತಾ ಅವಳೂ ಬಂದಿದಾಳೆ. ಆಗ್ರಾದ ಮೇಲೆ ಚುಕ್ಕೆ ಇಲ್ಲ.

ಭವ್ಯ ಫೋಟೋ ತೋರಿಸಿದಳು. ಅತ್ತೆ ಸೊಸೆ ಇಬ್ಬರೇ ಕೂತು ನೋಡಿದರು. ಮರಳಿನ ಮೇಲೆ ನಾನು ನಿಂತದ್ದು ಬಂದಾಗ ಮೂಕಾಂಬಿಕೆ ಆ ಖಾಲಿ ಕಡೆಯನ್ನ ತುಂಬಾ ಹೊತ್ತು ನೋಡಿದಳು. ಏನು ನೋಡಿದಳೋ. ಅಲ್ಲಿ ಬರೀ ಮರಳು.

ಭವ್ಯ ಬಸ್ಸಲ್ಲಿ ಸಾಗರಕ್ಕೆ ಹೋದಳು. "ಕಾರು ಒಂದು ವಾರ ಇಲ್ಲೇ ಇರ್ಲಿ ಮಾವ, ಮರಳೆಲ್ಲಾ ತೆಗೆಸಿ ಕೊಡಿ" ಅಂದಳು. ನನ್ನ ಸೋದರ ಸೊಸೆ, ಬುದ್ಧಿ ನನ್ನದೇ.

ಫೆಬ್ರವರಿ 9, ಭಾನುವಾರ

ಮಧ್ಯಾಹ್ನ ಎರಡಕ್ಕೆ ಕಾರನ್ನ ಬಾಗಿಲ ಮುಂದೆ ನಿಲ್ಲಿಸಿದೆ. ಎಡಗಡೆ ಬಾಗಿಲು ತೆರೆದಿಟ್ಟೆ. ಲೋಟ ತುಂಬಿಸಿಟ್ಟೆ. "ಆಗುಂಬೆಗೆ ಹೋಗಿ ಬರೋಣ್ವಾ?" ಅಂತ ಒಳಗೆ ಕೇಳೋ ಹಾಗೆ ಹೇಳಿದೆ. ಅವಳು ಹೊರಗೆ ಬಂದಳು, ಲೋಟ ನೋಡಿದಳು, ಬಟ್ಟೆ ಒಣಗಿದೆಯಾ ನೋಡಿ ಒಳಗೆ ಹೋದಳು.

ನಾಲ್ಕರ ತನಕ ಕಾದೆ.

ಫೆಬ್ರವರಿ 10, ಸೋಮವಾರ

ಇವತ್ತೂ ಇಲ್ಲ. ಐದರ ತನಕ ಕಾದೆ. ಬೆಳಗ್ಗೆ ಸ್ಟ್ಯಾಂಡಿಗೆ ಹೋದಾಗ ಹೊಸ ಡ್ರೈವರ್ ಸತೀಶ್, "ಅಣ್ಣಾ, ಆ ಅಭಿಷೇಕದ ಕಥೆ ಹೇಳಣ್ಣ" ಅಂದ. "ಆ ಕಥೆ ನಾನು ಅರ್ಧವೇ ಹೇಳ್ತಿದ್ದೆ ಕಣೋ. ಪೂರ್ತಿ ಹೇಳಿದ್ರೆ ನಗು ಬರೋದಿಲ್ಲ" ಅಂದೆ. "ಪೂರ್ತಿ ಹೇಳಿ" ಅಂದ. ಹೇಳಿದೆ. ನೀರು ಕೇಳಿದ್ದು, ಹಾರನ್ ಹೊಡೆದದ್ದು ಎಲ್ಲ. ಯಾರೂ ನಗಲಿಲ್ಲ. ಸುಬ್ಬಪ್ಪ ಎದ್ದು ಹೋಗಿ ಟಯರ್ ಒದ್ದು ನೋಡ್ತಿದ್ದ. ಅವತ್ತು ಹಿಂದೆ ಕೂತಿದ್ದ ನಾಲ್ವರಲ್ಲಿ ಅವನೂ ಒಬ್ಬ.

ಫೆಬ್ರವರಿ 11, ಮಂಗಳವಾರ

ಮಧ್ಯಾಹ್ನ ಒಂದೂವರೆಗೆ ಮೂಕಾಂಬಿಕೆ ತಾನಾಗಿ ಬಂದು ಎಡಗಡೆ ಸೀಟಲ್ಲಿ ಕೂತಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಮಡಚಿ ಹಿಡಿದಿದ್ದಳು. ಸುಬ್ಬಪ್ಪ ಬೆಳಗ್ಗೆ ಮನೆಗೆ ಬಂದು ಹೋಗಿದ್ದನಂತೆ, ಹಾಲಮ್ಮ ಹೇಳಿದಳು. ಎಂತ ಹೇಳಿದನೋ ಗೊತ್ತಿಲ್ಲ.

"ಕಿಟಕಿ ಇಳಿಸಿ" ಅಂದಳು.

ನಲವತ್ತನಾಲ್ಕು ದಿನದ ಮೇಲೆ ಮೊದಲ ಮಾತು. ನನ್ನ ಕೈಗೆ ಸ್ವಿಚ್ಚೇ ಸಿಗಲಿಲ್ಲ.

 ತೀರ್ಥಹಳ್ಳಿ ಸೇತುವೆ ದಾಟಿದ ಮೇಲೆ ಅವಳು ಎಂತದೋ ಗುನುಗ್ತಿದ್ದಳು. ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದು ನಾನು ಕೇಳದ ಹಾಡು, ಬಸ್ಸಿನವರಿಗೆಲ್ಲ ಗೊತ್ತಿರೋ ಹಾಡು. ಹಿಂದಿನಿಂದ ಒಬ್ಬ ಹಾರನ್ ಹೊಡೆದೂ ಹೊಡೆದೂ ಓವರ್‌ಟೇಕ್ ಮಾಡಿ, "ಅಜ್ಜಾ, ಎತ್ತಿನ ಗಾಡಿಯಾ?" ಅಂದ. ಮಂಜಯ್ಯನಿಗೆ ಹೀಗೆ ಹೇಳಿ ದಕ್ಕಿಸಿಕೊಂಡವರು ಯಾರಿದಾರೆ? ಹೋಗಲಿ ಅಂತ ಬಿಟ್ಟೆ. ಲೋಟ ಇತ್ತಲ್ಲ.

ಮೇಗರವಳ್ಳಿ ತಿರುವು ಬಂತು. ಎರಡನೇ ಗೇರಿಗೆ ಹಾಕಿದೆ. 

"ಅವತ್ತು ನಾನು ಮೂರು ಸಲ ಹೇಳಿದ್ದೆ" ಅಂದಳು ರಸ್ತೆ ನೋಡ್ತಾ.

"ಹೌದು. ಕೇಳಿಸಿತ್ತು."

"ಕೇಳಿಸಿತ್ತಾ?"

"ಕೇಳಿಸಿತ್ತು. ಅದಕ್ಕೇ ಜೋರು ಮಾಡಿದ್ದು. ತಪ್ಪಾಯ್ತು ಮಾರಾಯ್ತಿ."

 ಅವಳು ಕೈ ಚಾಚಿ ಲೋಟ ಎತ್ತಿ ಪೂರ್ತಿ ಕುಡಿದಳು. ಖಾಲಿ ಲೋಟ ಸೆರಗಲ್ಲಿ ಒರೆಸಿ ಮಡಿಲಲ್ಲಿ ಇಟ್ಟುಕೊಂಡಳು.

ಹೊಸನಗರದಿಂದ ಅಲ್ಲಿ ತನಕ ಒಂದು ಹನಿ ತುಳುಕಿರಲಿಲ್ಲ. ಈಗ ಸುಬ್ಬಪ್ಪನಿಗೆ ತೋರಿಸೋಕೆ ಸಾಕ್ಷಿಯೇ ಇಲ್ಲ.

ಆಗುಂಬೆಯಲ್ಲಿ ಜನ ಇದ್ದರು. ಒಂದು ಫ್ಯಾಮಿಲಿಯವರು ನನ್ನನ್ನ ನೋಡಿದ ಕೂಡ್ಲೇ, "ಡ್ರೈವರ್, ನಮ್ಮದೊಂದು ಫೋಟೋ ತೆಗೀತೀರಾ?" ಅಂದರು. ಮುಖದಲ್ಲೇ ಬರೆದಿದೆ ಅಂತ ಕಾಣ್ತದೆ. ಕೈ ಚಾಚಿದೆ.

"ಇವತ್ತು ಅವರಿಗೆ ರಜೆ" ಅಂದಳು ಮೂಕಾಂಬಿಕೆ.

ಸೂರ್ಯ ಇಳಿದ. ದೂರದಲ್ಲಿ ಸಮುದ್ರದ ಗೆರೆ ಒಂದು ಗಳಿಗೆ ಕಂಡಿತು. ಗಾಡಿ ತಿರುಗಿಸಲಿಲ್ಲ. ಜಾಮ್ ಆದರೆ ಆಗಲಿ. ಫೋಟೋ ತೆಗೆಯೋದು ಇಬ್ಬರಿಗೂ ಮರೆತೇ ಹೋಯ್ತು.

ಫೆಬ್ರವರಿ 13, ಗುರುವಾರ, ಬೆಳಗ್ಗೆ

ಇವತ್ತು ವರದಹಳ್ಳಿಗೆ ಹೋಗಬೇಕಂತೆ. ಕಾರಲ್ಲಿ ಅಂದ್ಕೊಂಡು ಲೋಟ ತುಂಬಿಸಿದ್ದೆ. ಅವಳು ನೀರು ತುಳಸಿ ಗಿಡಕ್ಕೆ ಹೊಯ್ದಳು.

"ಬಸ್ಸಲ್ಲಿ ಹೋಗೋಣ. ನೀವು ಒಂದು ಸಲ ನನ್ನ ಜೊತೆ ಕೂತು ಬನ್ನಿ."

ನಾನು ಕೂತು ಹೋಗೋದಾ? ಬೇರೆಯವನು ಓಡಿಸೋದು, ನಾನು ಪಕ್ಕದಲ್ಲಿ. ಏನು ನೆಪ ಹೇಳಬೇಕು ಅಂತ ಯೋಚಿಸ್ತಾ ಇದೀನಿ. ಮಂಡಿ ನೋವು, ಕಾರಿನ ಸರ್ವೀಸು... ಪಾಲಿಯ ಮುಳ್ಳು ಗಿಡದ ವಿಷಯ ಊರಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಲೂಬಾರದು. ಮಂಜಯ್ಯನ ಮೂವತ್ತೊಂದು ವರ್ಷದ ಹೆಸರು.

ಅವಳು ಚೀಲ ತುಂಬಿಸ್ತಿದ್ದಳು. ಹೂವು, ಕಾಯಿ, ನೀರಿನ ಬಾಟಲಿ, ಕತ್ತರಿಸಿದ ಒಂದು ನಿಂಬೆಹಣ್ಣು. ಮೇಲೆ ಮಡಚಿದ ಪ್ಲಾಸ್ಟಿಕ್ ಕವರ್.

"ಬಸ್ಸಲ್ಲಿ ನಿಂಗೆ ಎಂತದೂ ಆಗಲ್ವಲ್ಲ. ಈ ಕವರ್ ಎಂತಕ್ಕೆ?" ಅಂದೆ.

ಅವಳು ನನ್ನ ಮುಖ ನೋಡಿದಳು. ಪಾಲಿಯದ್ದನ್ನ ಭವ್ಯ ಅವತ್ತೇ ಹೇಳಿಬಿಟ್ಟಿದಾಳೆ. ಮೂರು ವಾರದಿಂದ ಇವಳಿಗೆ ಗೊತ್ತು. ಹಾಲಮ್ಮನಿಗೂ ಹೇಳಿಲ್ಲ, ಸುಬ್ಬಪ್ಪನಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಇಷ್ಟು ಒಳ್ಳೆ ಕಥೆ ಕೈಯಲ್ಲಿದ್ದೂ.

ಬಸ್ಸು ಬರೋ ಹೊತ್ತಾಯ್ತು. ಬೀಗ ಹಾಕ್ತಾ ಹೇಳ್ತಿದಾಳೆ.

"ಹೋಯ್, ಬರೆದದ್ದು ಸಾಕು, ಬನ್ನಿ. ಕಿಟಕಿ ಪಕ್ಕ ನೀವೇ ಕೂತ್ಕೊಳ್ಳಿ."